ಪ್ರತಿಕ್ರಿಯೆ: ಬೆಳಗ್ಗೆ 8ರ ಕಾರ್ಟಿಸೋಲ್ 34 (ಮೈಕ್ರೋಗ್ರಾಂ/ಡೆಸಿಲೀಟರ್) ಬಂದಿದೆ, ಕುಶಿಂಗ್ ಕಾಯಿಲೆಯೇ?

ಕಾರ್ಟಿಸೋಲ್ ಎಂದರೆ ಒತ್ತಡದ ಹಾರ್ಮೋನ್, ಅದು ದೀರ್ಘಕಾಲ ಅತಿಯಾಗಿರುವುದೇ ಕುಶಿಂಗ್. ನಿಮ್ಮ ಅಂಕಿ ಏರಿರುವುದಕ್ಕೆ ಕಾರಣ ಹೆಚ್ಚಾಗಿ ನೀವೇ ಪ್ರಶ್ನೆಯಲ್ಲಿ ಬರೆದಿರುವ ಗರ್ಭನಿರೋಧಕ ಮಾತ್ರೆ. ಅದರ ಈಸ್ಟ್ರೋಜೆನ್‌ನಿಂದ ಯಕೃತ್ತು ಕಾರ್ಟಿಸೋಲ್ ಹೊರುವ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ. ಮಾಮೂಲಿ ರಕ್ತಪರೀಕ್ಷೆ ಪ್ರೋಟೀನಿಗೆ ಅಂಟಿದ್ದನ್ನೂ ಸೇರಿಸಿ ಅಳೆಯುವುದರಿಂದ ಅಂಕಿ ಏರುತ್ತದೆ. ಕೆಲಸ ಮಾಡುವ ಬಿಡಿ ಹಾರ್ಮೋನ್ ಸರಿಯಾಗಿಯೇ ಇರಬಹುದು. ಕೂದಲಿಗೆಂದು ತಗೊಳ್ಳುವ ಬಯೋಟಿನ್ ಎಂಬ ವಿಟಮಿನ್ ಕೂಡ ಕೆಲವು ಯಂತ್ರಗಳಲ್ಲಿ ಸುಳ್ಳು ಏರಿಕೆ ತೋರಿಸುತ್ತದೆ.

ಮೊದಲು ಬಯೋಟಿನ್ ನಿಲ್ಲಿಸಿ, ಕನಿಷ್ಠ 3 ದಿನ. ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ. ವೈದ್ಯರು ಒಪ್ಪಿದರೆ ಸುಮಾರು 6 ವಾರ ಅದನ್ನು ನಿಲ್ಲಿಸಿ ಮರುಪರೀಕ್ಷೆ. ಬಿಡಲಾಗದಿದ್ದರೆ ರಾತ್ರಿ 11ರಿಂದ 12ರೊಳಗಿನ ಜೊಲ್ಲಿನ ಕಾರ್ಟಿಸೋಲ್ ಕೇಳಿ, ಬೇರೆ ಬೇರೆ ಎರಡು ರಾತ್ರಿ. ಅದರಲ್ಲಿ ಬಿಡಿ ಹಾರ್ಮೋನ್ ಮಾತ್ರ ಇರುತ್ತದೆ. ಮಾದರಿಗೆ ಅರ್ಧ ಗಂಟೆ ಮುಂಚಿನಿಂದ ಊಟ, ಹಲ್ಲುಜ್ಜುವುದು ಬೇಡ: ಒಸಡಿನ ರಕ್ತ ಬೆರೆತರೆ ಫಲಿತಾಂಶ ಕೆಡುತ್ತದೆ. ಹೈಡ್ರೋಕಾರ್ಟಿಸೋನ್ (ಕಾರ್ಟಿಸೋಲ್‌ನದೇ ಔಷಧಿ ರೂಪ) ಮುಲಾಮು ಹಚ್ಚಿದ ಕೈಯಲ್ಲಿ ಜೊಲ್ಲು ಹೀರುವ ಹತ್ತಿ ಮುಟ್ಟಿದರಂತೂ ಅಂಕಿ ಆಕಾಶಕ್ಕೆ! ರಾತ್ರಿಪಾಳಿ ಇದ್ದರೆ ಈ ಪರೀಕ್ಷೆ ನಂಬಲರ್ಹವಲ್ಲ. 24 ಗಂಟೆಯ ಮೂತ್ರಪರೀಕ್ಷೆ ವಾಸಿ.

ರಾತ್ರಿ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ (ಕಾರ್ಟಿಸೋಲ್ ತಗ್ಗಿಸುವ ಸ್ಟೀರಾಯ್ಡ್) ಕೊಟ್ಟು ಬೆಳಗ್ಗೆ ರಕ್ತದ ಕಾರ್ಟಿಸೋಲ್ ಅಳೆಯುವ ಪರೀಕ್ಷೆಯನ್ನು ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಮಾಡಿಸಿದರೆ ಅದೇ ಗೊಂದಲ. ಅದರ ಗಡಿ 1.8 ಮೈಕ್ರೋಗ್ರಾಂ/ಡೆಸಿಲೀಟರ್, ಆಗ ಅದಕ್ಕಿಂತ ಮೇಲೆ ಬಂದರೂ ಏನೂ ಹೇಳಲಾಗದು.

ಈ ಒಂದು ಅಂಕಿಯಿಂದ ಕುಶಿಂಗ್ ಇದೆ ಅಥವಾ ಇಲ್ಲ ಎನ್ನಲಾಗುವುದಿಲ್ಲ. ಆದರೆ ಸಣ್ಣ ಪೆಟ್ಟಿಗೂ ಚರ್ಮದಡಿ ರಕ್ತ ಕಟ್ಟಿ ಕಲೆಯಾಗುವುದು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ, ಕೂತಲ್ಲಿಂದ ಏಳಲು ತೊಡೆಯಲ್ಲಿ ಬಲವಿಲ್ಲದಿರುವುದು ಇದ್ದರೆ 6 ವಾರ ಕಾಯದೆ ಈ ವಾರವೇ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬಳಿ ಹೋಗಿ.