ಸಿಸ್ಟರ್‌ಗಳಿಗೆ ಎದೆರೋಗದ ತರಬೇತಿ ದಂಡವೇ?

ಮದ್ದೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಕಾಗದ ಬಂದಿದೆ. ಅವರ ತಮ್ಮನ ಮಗಳು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮುಗಿಸಿ ಕೆಲಸದಲ್ಲಿದ್ದಾಳೆ. ಈಗ ಎದೆ, ಶ್ವಾಸಕೋಶದ ಶುಶ್ರೂಷೆಗೆಂದೇ ಇನ್ನೊಂದು ವರ್ಷ ಓದುತ್ತೇನೆ ಅಂತ ಹಟ ಹಿಡಿದಿದ್ದಾಳಂತೆ. "ಡಾಕ್ಟರಿದ್ದಾರೆ, ಮಿಷನ್ ಬಂದಿವೆ. ನರ್ಸ್ ಇಷ್ಟೆಲ್ಲ ಕಲಿತು ಮಾಡುವುದೇನು? ಕಲಿತವರು ಕೊಲ್ಲಿ ದೇಶಕ್ಕೆ ಹಾರುತ್ತಾರೆ. ದಂಡದ ಖರ್ಚಲ್ಲವೇ?" ಎಂದು ಕೇಳಿದ್ದಾರೆ.

ಹಾರುತ್ತಾರೆ, ನಿಜ ಮೇಷ್ಟ್ರೇ. ಅದಕ್ಕೆ ಆಮೇಲೆ ಬರುತ್ತೇನೆ. ಆದರೆ "ಮಾಡುವುದೇನು" ಅಂದಿರಲ್ಲ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಭಾವನಿಗೆ ಎದೆಯಲ್ಲಿ ಕೀವು ತುಂಬಿ ಪಕ್ಕೆಗೆ ನಳಿಕೆ ಹಾಕಿದ್ದರು. ನಳಿಕೆಯ ತುದಿ ಮಂಚದ ಕೆಳಗಿನ ಬಾಟಲಿಯಲ್ಲಿ, ನೀರಿನೊಳಗೆ ಎರಡು ಸೆಂಟಿಮೀಟರ್ ಮುಳುಗಿರುತ್ತದೆ. ಉಸಿರೆಳೆದರೆ ನಳಿಕೆಯಲ್ಲಿ ನೀರು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಎಕ್ಸ್‌ರೇಗೆ ಕರೆದೊಯ್ಯುವಾಗ ವಾರ್ಡ್ ಬಾಯ್ ಆ ಬಾಟಲಿಯನ್ನೇ ಎತ್ತಿ ಭಾವನ ಹೊಟ್ಟೆ ಮೇಲಿಟ್ಟ. ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬರು ಓಡಿಬಂದು ಕೆಳಗಿಳಿಸಿದರು. "ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು. ಇಲ್ಲದಿದ್ರೆ ಒಳಗಿದ್ದದ್ದು ವಾಪಸ್ ಎದೆಗೇ ಹೋಗುತ್ತೆ" ಅಂದರು. ಇನ್ನೊಬ್ಬರು ನಳಿಕೆಗೆ ಕ್ಲಾಂಪ್ ಹಾಕಲು ಹೊರಟಾಗ ಅದನ್ನೂ ತಡೆದರು. ನೀರಿನಲ್ಲಿ ಗುಳ್ಳೆ ಬರುತ್ತಿತ್ತು, ಅಂದರೆ ಎದೆಯೊಳಗಿನ ಗಾಳಿ ಹೊರಬೀಳುತ್ತಿತ್ತು. ಆಗ ನಳಿಕೆ ಮುಚ್ಚಿದರೆ ಗಾಳಿ ಒಳಗೇ ಕೂಡಿಕೊಂಡು ಶ್ವಾಸಕೋಶವನ್ನೂ ಹೃದಯವನ್ನೂ ಅದುಮಿಬಿಡುತ್ತದೆ.

ನೀರಿನ ಏರಿಳಿತ ನಿಂತರೆ? ಶ್ವಾಸಕೋಶ ಪೂರ್ತಿ ಅರಳಿರಬಹುದು. ನಳಿಕೆ ಕಟ್ಟಿಕೊಂಡಿರಲೂಬಹುದು. ಮೊದಲನೆಯದು ಒಳ್ಳೆ ಸುದ್ದಿ, ಎರಡನೆಯದು ಅಪಾಯ. ನಡುರಾತ್ರಿ ಎರಡು ಗಂಟೆಗೆ ಅದು ಯಾವುದು ಅಂತ ಮೊದಲು ಗುರುತಿಸಬೇಕಾದವರು ಸಿಸ್ಟರ್ರೇ ಅಲ್ವಾ?

ನಿಮ್ಮ ಕಡೆಯದೇ ಇನ್ನೊಂದು ವಿಷಯ. ಆಲೆಮನೆ ಒಲೆಗೆ ಉರಿ ಹಾಕುತ್ತಾ, ಬೀಡಿ ಸೇದುತ್ತಾ ಆಯಸ್ಸು ಕಳೆದ ಯಜಮಾನರು ಏದುಸಿರಲ್ಲಿ ಬರುತ್ತಾರೆ. ಸಿಒಪಿಡಿ, ಅಂದರೆ ಉಸಿರುದಾರಿ ಕಿರಿದಾಗುತ್ತಾ ಹೋಗುವ ದೀರ್ಘಕಾಲದ ಶ್ವಾಸಕೋಶದ ರೋಗ. ಜೊತೆಗೆ ಬಂದವರದು ಒಂದೇ ಗಲಾಟೆ, "ಆಕ್ಸಿಜನ್ ಜಾಸ್ತಿ ಮಾಡಿ ಸಿಸ್ಟರ್!" ಇಂಥವರಿಗೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡ 88ರಿಂದ 92ರೊಳಗೆ ಇದ್ದರೆ ಸಾಕು ಅಂತ ಕಲಿತವರಿಗೆ ಗೊತ್ತು. ನೂರಕ್ಕೆ ಏರಿಸಲು ಹೋದರೆ ಕೆಲವರಿಗೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹತ್ತುತ್ತದೆ. ಮನೆಯವರು "ಪಾಪ, ಈಗ ನಿದ್ದೆ ಬಂತು" ಅಂದುಕೊಳ್ಳುತ್ತಾರೆ. ಆ ಗಲಾಟೆಯ ನಡುವೆ ಗುಬುಟು ತಿರುಗಿಸದೆ ನಿಲ್ಲುವ ಧೈರ್ಯ ಬರೀ ಪುಸ್ತಕದಿಂದ ಬರುವುದಿಲ್ಲ. ವಾರ್ಡಿನಲ್ಲಿ ನಿಂತು, ಗೊತ್ತಿದ್ದವರ ಪಕ್ಕದಲ್ಲಿ ಕಲಿಯಬೇಕು.

ಮಿಷನ್ ಅಂದಿರಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಉಸಿರಾಟದ ಯಂತ್ರಗಳು ಸಾಲದೆ ಹೋದವು. ಡಾಕ್ಟರ್ ಬ್ಯೋರ್ನ್ ಇಬ್ಸೆನ್ ರೋಗಿಗಳ ಕತ್ತಿನಲ್ಲಿ ರಂಧ್ರ ಮಾಡಿ, ರಬ್ಬರ್ ಚೀಲದಿಂದ ಗಾಳಿ ಊಡಿಸುವ ದಾರಿ ತೋರಿಸಿದರು. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಆ ಚೀಲ ಹಿಸುಕಿದರು. ತೀವ್ರ ನಿಗಾ ಘಟಕದ ಕಲ್ಪನೆ ಬೆಳೆದದ್ದೇ ಅಲ್ಲಿಂದ. ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಕ್ಷಯರೋಗದ ಆಸ್ಪತ್ರೆ, ಪಿಕೆಟಿಬಿ ಸ್ಯಾನಟೋರಿಯಂ ನೋಡಿ. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲೇ ಕಟ್ಟಿಸಿದ್ದು. ಕ್ಷಯಕ್ಕೆ ಮೊದಲ ಮದ್ದು ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅದಕ್ಕೂ ಮೊದಲು ಅಂಥ ಕಡೆ ರೋಗಿಗಿದ್ದ ಆಸರೆ ಗಾಳಿ, ಊಟ, ವಿಶ್ರಾಂತಿ, ಆರೈಕೆ ಇಷ್ಟೇ. ಜೀವಮಾನವಿಡೀ ಪಾಠ ಹೇಳಿದವರು ನೀವು. ಕಪ್ಪು ಹಲಗೆ ಇದ್ದ ಮಾತ್ರಕ್ಕೆ ಮಕ್ಕಳಿಗೆ ಲೆಕ್ಕ ಬಂತೇ, ಹೇಳಿ.

ಈಗ ಹಾರುವವರ ವಿಷಯ. ಎದೆರೋಗದ ವಾರ್ಡಿನಲ್ಲಿ ಕೈ ಪಳಗಿದವರನ್ನು ಒಂದು ದಿನ ಹೆರಿಗೆ ವಾರ್ಡಿಗೆ, ಇನ್ನೊಂದು ದಿನ ಚೀಟಿ ಕೌಂಟರಿಗೆ ಹಾಕುತ್ತಾರೆ. ಗುತ್ತಿಗೆ ಕೆಲಸ, ತಡವಾಗಿ ಬರುವ ಸಂಬಳ. ಎಷ್ಟೋ ಕಡೆ ಹೆಚ್ಚಿಗೆ ಓದಿದ್ದಕ್ಕೆ ಒಂದು ಪೈಸೆ ಭತ್ಯೆಯಿಲ್ಲ. ಹಬ್ಬದ ದಿನವೂ ಡ್ಯೂಟಿ, ಮೇಲಿಂದ ರೋಗಿಯ ಕಡೆಯವರ ಬೈಗುಳ. ಕಟ್ಟಡಕ್ಕೆ ಟೇಪು ಕತ್ತರಿಸಲು ಎಲ್ಲರೂ ಬರುತ್ತಾರೆ, ಅದರೊಳಗೆ ರಾತ್ರಿಪಾಳಿ ಮಾಡುವವರ ಪಟ್ಟಿಯನ್ನು ಯಾರಾದರೂ ನೋಡಿದ್ದಾರಾ? ಹಾರಿದವರನ್ನು ಬೈಯುವ ಮೊದಲು ಉಳಿದವರಿಗೆ ನಾವು ಏನು ಕೊಟ್ಟಿದ್ದೇವೆ ಅಂತ ಲೆಕ್ಕ ಹಾಕಿ ಮೇಷ್ಟ್ರೇ. ನನಗಂತೂ ಸಿಟ್ಟು ಬರುವುದು ಅಲ್ಲೇ.

ಆ ಹುಡುಗಿಯನ್ನು ಓದಿಸಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಲ್ಲಿ ಹೃದಯ ಮತ್ತು ಎದೆಯ ಶುಶ್ರೂಷೆಯದೂ ಒಂದಿದೆ. ಫೀಸು ಕಟ್ಟುವ ಮುಂಚೆ ನೀವೇ ಒಮ್ಮೆ ಕಾಲೇಜಿಗೆ ಹೋಗಿ. ಸೇರಿಕೊಂಡಂತೆ ಆಸ್ಪತ್ರೆ ಇದೆಯಾ, ಅಲ್ಲಿ ಎದೆಗೆ ನಳಿಕೆ ಹಾಕಿದ ರೋಗಿಗಳು ನಿಜಕ್ಕೂ ಇರುತ್ತಾರಾ, ಪಕ್ಕದಲ್ಲಿ ನಿಂತು ಕಲಿಸುವ ಹಿರಿಯ ಸಿಸ್ಟರ್ ಯಾರು ಅಂತ ಕೇಳಿ. ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಮಾತ್ರ ದುಡ್ಡು ಕಟ್ಟಿ.

— ಸಂಪಾದಕ