ಮಂಚದಡಿಯಿಂದ ಹೊರಬಾರದ ನಾಯಿಯ ಕುರಿತು

ಬೆಂಗಳೂರಿನ ಆಶ್ರಯಧಾಮದಿಂದ ದತ್ತು ತಂದ 2 ವರ್ಷದ ನಾಡತಳಿಯ ಹೆಣ್ಣುನಾಯಿ ನಾಲ್ಕು ದಿನವಾದರೂ ಮಂಚದಡಿಯಿಂದ ಹೊರಬರುತ್ತಿಲ್ಲ, ಸರಿಯಾಗಿ ಊಟ ಮಾಡುತ್ತಿಲ್ಲ, ಹಿಂದಿರುಗಿಸುವುದೇ ಲೇಸೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹಾಗೆ ನಿರ್ಧರಿಸಬೇಡಿ. ಹತ್ತಾರು ನಾಯಿಗಳ ನಡುವೆ ಬದುಕಿದ ಜೀವಕ್ಕೆ ಮಿಕ್ಸಿಯ ಸದ್ದು, ಜಾರುವ ಟೈಲ್ಸ್ ನೆಲ, ಲಿಫ್ಟ್ ಎಲ್ಲವೂ ಹೊಸವು. ಮನೆಗೆ ಹೊಂದಿಕೊಳ್ಳಲು ಕೆಲವು ವಾರಗಳು, ನಿಮ್ಮನ್ನು ಪೂರ್ತಿ ನಂಬಲು ಸುಮಾರು 3 ತಿಂಗಳುಗಳೇ ಬೇಕಾಗಬಹುದು. ಅದನ್ನು ಎಳೆದು ಹೊರತೆಗೆಯದೆ, ದಿನವೂ ಒಂದೇ ಹೊತ್ತಿಗೆ ಊಟವನ್ನು ಅದರ ಸಮೀಪವಿಟ್ಟು, ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಸುಮ್ಮನೆ ಕುಳಿತಿರಿ.

ಆದರೆ ಊಟ ಬಿಟ್ಟಿರುವುದನ್ನು ಬರಿಯ ಹೆದರಿಕೆಯೆಂದು ಭಾವಿಸಿ ಕಾಯುವುದು ನನಗೆ ಸರಿಯೆನಿಸದು. ಉಣ್ಣಿಗಳಿಂದ ಹರಡುವ ಎರ್ಲಿಕಿಯಾ ಜ್ವರ ನಮ್ಮಲ್ಲಿ ಬಹಳ ಸಾಮಾನ್ಯವಾದ್ದರಿಂದ, ನಾಳೆಯೇ ಪಶುವೈದ್ಯರಲ್ಲಿಗೆ ಒಯ್ದು ಪ್ಲೇಟ್‌ಲೆಟ್ ಎಣಿಕೆ ಸಹಿತ ರಕ್ತಪರೀಕ್ಷೆ ಮಾಡಿಸಿ. ಒಸಡು ಬಿಳಿಚಿದ್ದರೆ ಅಥವಾ ಮೂಗಿನಿಂದ ರಕ್ತ ಬಂದರೆ ನಾಳೆಯವರೆಗೂ ಕಾಯಬೇಡಿ. ಕಿವಿಯಲ್ಲಿ ಕತ್ತರಿಸಿದ ಗುರುತಿದ್ದರೆ ಅದು ಸಾಮಾನ್ಯವಾಗಿ ಸಂತಾನಹರಣ ಚಿಕಿತ್ಸೆಯ ಕುರುಹು, ಗಾಯವಲ್ಲ. ರೇಬೀಸ್ ಲಸಿಕೆಯ ದಾಖಲೆಯನ್ನು ಆಶ್ರಯಧಾಮದವರಿಂದ ತಪ್ಪದೆ ಪಡೆಯಿರಿ. ಹೊರಗೆ ಒಯ್ಯುವಾಗ ಕೊರಳಪಟ್ಟಿಯೊಂದನ್ನೇ ನಂಬದೆ ಎದೆಯನ್ನು ಸುತ್ತುವ ಹಾರ್ನೆಸ್ ಕೂಡ ಹಾಕಿ, ಏಕೆಂದರೆ ಹೆದರಿದ ನಾಯಿ ಪಟ್ಟಿಯಿಂದ ತಲೆ ಜಾರಿಸಿಕೊಂಡು ಓಡಿಹೋಗುವ ಅಪಾಯ ಈ ಮೊದಲ ವಾರಗಳಲ್ಲೇ ಹೆಚ್ಚು.