ಕರ್ಬೂಜದ ಹೂವೆಲ್ಲ ಉದುರುತ್ತಿದೆ ಅಂದವರಿಗೆ

ಕಲಬುರಗಿಯ ಮಾಳಿಗೆ ಮೇಲೆ ಕುಂಡದಲ್ಲಿ ಮಿನೆಸೋಟಾ ಮಿಡ್ಜೆಟ್ ಅನ್ನೋ ಪುಟ್ಟ ತಳಿಯ ಕರ್ಬೂಜ ಹಾಕಿದ್ದೀರಿ, ಹಳದಿ ಹೂ ಬಂದು ಉದುರುತ್ತಿವೆ, ಒಂದೂ ಕಾಯಿ ಇಲ್ಲ ಅಂತ ಕೇಳಿದ್ದೀರಿ. ಗಾಬರಿ ಆಗಬೇಡ್ರಿ. ಮೊದಲು ಬರೋದು ಗಂಡು ಹೂ, ಅವು ಉದುರಲೇಬೇಕು. ಸ್ವಲ್ಪ ದಿನ ಬಿಟ್ಟು ಅಡ್ಡ ಕವಲುಗಳನ್ನು ನೋಡಿ. ಹೂವಿನ ಹಿಂದೆ ನವಿರು ರೋಮದ ಪುಟ್ಟ ಹಸಿರು ಗುಂಡು ಕಂಡರೆ ಅದೇ ಕಾಯಿ ಕಟ್ಟುವ ಹೂ.

ಮಾಳಿಗೆಗೆ ಜೇನು ಬರೋದು ಕಡಿಮೆ ಅಲ್ವಾ, ಪರಾಗಸ್ಪರ್ಶ ಕೈಯಿಂದಲೇ ಮಾಡಿ. ಬಿಸಿಲೇರುವ ಮುಂಚೆ ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಸುಲಿದು, ನಡುವಿನ ಹಳದಿ ಪುಡಿಯನ್ನು ಕಾಯಿ ಕಟ್ಟುವ ಹೂವಿನ ಒಳಗೆ ಮೆಲ್ಲಗೆ ತಿಕ್ಕಿ. ಕಾಯಿ ಕಚ್ಚಿದ್ದರೆ ಗುಂಡು ಊದುತ್ತೆ, ಇಲ್ಲಾಂದ್ರೆ ಹಳದಿಯಾಗಿ ಬೀಳುತ್ತೆ.

ನನಗೆ ಜಾಸ್ತಿ ಚಿಂತೆ ನಿಮ್ಮ ಮಣ್ಣಿನದು. ಬರೀ ಕರಿಮಣ್ಣು ತುಂಬಿದ್ದೀರಿ ಅಂದಿರಿ. ಕುಂಡದಲ್ಲಿ ಅದು ನೀರು ಹಿಡಿದಿಟ್ಟು ಬೇರು ಕೊಳೆಸುತ್ತೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತೆ. ಮುಂದಿನ ಸಲ ಮರಳು, ಹಳೇ ತಿಪ್ಪೆಗೊಬ್ಬರ ಧಾರಾಳವಾಗಿ ಬೆರೆಸಿ, ಜನವರಿ ಕೊನೆಗೆ ಬೀಜ ಹಾಕಿ. ಇಲ್ಲಿ ಏಪ್ರಿಲ್‌, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಆಗ ಹೂ ಕಚ್ಚೋದೇ ಕಷ್ಟ. ಈಗ ಮಧ್ಯಾಹ್ನ ನೆರಳು ಬಲೆ ಕಟ್ಟಿ. ಯೂರಿಯಾ ಮಾತ್ರ ಬೇಡ, ಸುಮ್ನೆ ಎಲೆ ಬೆಳೆಯುತ್ತೆ.

ಮಿನೆಸೋಟಾ ಮಿಡ್ಜೆಟ್ 1948ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ತಳಿ. ಬಳ್ಳಿ 3 ಅಡಿ, ಹಣ್ಣು 4 ಇಂಚು ಅಷ್ಟೇ. ಸಂತೆಯ ಕರ್ಬೂಜದ ಗಾತ್ರ ಕಾಯಬೇಡಿ. ತೊಟ್ಟಿನ ಸುತ್ತ ಸೀಳು ಬಿದ್ದು, ಹೆಬ್ಬೆರಳಿಂದ ಒತ್ತಿದರೆ ತಾನೇ ಕಳಚಿದಾಗ ಕೊಯ್ಯಿರಿ.